ಎಡಗಡೆ ಯಾರೂ ಇಲ್ಲ

ಮಹಲು ನೋಡಲು ಹೋಗಲೇಬೇಕೆಂದು ಹಟ ಹಿಡಿದವಳು ಬುಗುರಿ. ನಿಂತಲ್ಲಿ ನಿಲ್ಲದ ಹುಡುಗಿಗೆ ಅಜ್ಜಿ ಇಟ್ಟ ಹೆಸರು ಅದು. ಶಾಲೆಯ ಹಾಜರಿಯೊಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಅದೇ ಚಾಲ್ತಿಯಲ್ಲಿತ್ತು. ಊರಾಚೆ ಗುಡ್ಡದ ಮೇಲೆ ತಲೆಮಾರುಗಳಿಂದ ಬೀಗ ಹಾಕಿಕೊಂಡು ಬಿದ್ದಿದ್ದ ಮಹಲನ್ನು ಈಚೆಗೆ ರಿಪೇರಿ ಮಾಡಿಸಿ ಜನರಿಗೆ ತೆರೆದಿದ್ದರು. ಕ್ಲಾಸಿನ ಅರ್ಧ ಮಕ್ಕಳು ಆಗಲೇ ನೋಡಿಬಂದು, ಅಲ್ಲಿ ಬರೀ ಕನ್ನಡಿಯದೇ ಒಂದು ಕೋಣೆಯಿದೆ, ಸ್ನಾನದ ತೊಟ್ಟಿಯಲ್ಲಿ ದೋಣಿ ಬಿಡಬಹುದು ಎಂದೆಲ್ಲ ಬೀಗುತ್ತಿದ್ದರು. ಬುಗುರಿಗೆ ಊಟಕ್ಕೆ ಕೂತಾಗಲೂ ಮಹಲು, ಜಡೆ ಹಾಕಿಸಿಕೊಳ್ಳುವಾಗಲೂ ಮಹಲು.

ಅಜ್ಜಿಯ ಮಗನಿಗೆ, ಅಂದರೆ ಬುಗುರಿಯ ಅಪ್ಪನಿಗೆ, ಮನಸ್ಸಿರಲಿಲ್ಲ. ಅವನು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಡ್ರೈವರು, ವ್ಯಾನೂ ಅವನದೇ. ವಾರವಿಡೀ ಸ್ಟೇರಿಂಗ್ ಹಿಡಿದವನಿಗೆ ಭಾನುವಾರವೂ ಅದೇ ಕರ್ಮವೇ ಎಂದು ಗೊಣಗಿದ. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದ ಸೊಸೆ ಅದನ್ನು ಕೇಳಿಸಿಕೊಂಡು ಸುಮ್ಮನಿರುವ ಪೈಕಿಯವಳಲ್ಲ. ಈಚೆಗೆ ಈ ಮನುಷ್ಯ ಎಲ್ಲಿಗೆ ಕರೆದರೂ ಬರುವುದಿಲ್ಲ, ಅಕ್ಕನ ಮನೆಯ ಊಟಕ್ಕೂ ಬರಲಿಲ್ಲ, ಕತ್ತಲಾದರೆ ಸಾಕು ಮನೆ ಸೇರಿ ಕೋಳಿಯ ಹಾಗೆ ಕೂತುಬಿಡುತ್ತಾನೆ ಎಂದು ಹಳೆಯದನ್ನೆಲ್ಲ ಎತ್ತಿ ಆಡಿದಳು. ಕೊನೆಗೆ ಅವನು ಒಪ್ಪಿದ, ಒಂದು ಷರತ್ತಿನ ಮೇಲೆ: ಕತ್ತಲಾಗುವುದರೊಳಗೆ ವಾಪಸು ಬಂದಿರಬೇಕು.

ಅಜ್ಜಿಗೆ ಮಹಲಿನ ಆಸೆಯೇನೂ ಇರಲಿಲ್ಲ. ಆದರೆ ನಾಲ್ಕು ಜನ ಒಟ್ಟಿಗೆ ಹೊರಟು ಎಷ್ಟು ಕಾಲವಾಗಿತ್ತೋ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ಹಣ್ಣು ಎಲ್ಲ ಕಟ್ಟಿಕೊಂಡು ಅವಳೂ ವ್ಯಾನು ಹತ್ತಿದಳು.

ಮಹಲಿನ ಅಂಗಳ ಬಿಸಿಲಿಗೆ ಕಣ್ಣು ಕುಕ್ಕುವಂತಿತ್ತು. ಒಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ. ಹಳೆಯ ಪರದೆ, ಹಳೆಯ ರತ್ನಗಂಬಳಿ ಬಿಸಿಲಿಗೆ ಬಣ್ಣ ಬಿಡುತ್ತವೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಅಲ್ಲೊಂದು ಇಲ್ಲೊಂದು ಮಂದ ದೀಪ ಹಚ್ಚಿದ್ದರು. ಹಾಗೆಂದು ವಿವರಿಸಿದವಳು ಮಹಲು ತೋರಿಸುವ ಕೆಲಸದ ಹುಡುಗಿ. ಏನನ್ನೂ ಮುಟ್ಟಬೇಡಿ, ಹಗ್ಗ ದಾಟಬೇಡಿ, ನನ್ನ ಹಿಂದೆಯೇ ಬನ್ನಿ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ನಡೆದಳು. ಅಜ್ಜಿಗೂ ಒಂದು ಗಳಿಗೆ ಏನೂ ಕಾಣಲಿಲ್ಲ. ಆಮೇಲೆ ಒಂದೊಂದೇ ಮೂಡಿತು: ಎತ್ತರದ ಚಾವಣಿ, ತಲೆಯ ಮೇಲೆ ತೂಗುವ ಗಾಜಿನ ದೀಪದ ಗೊಂಚಲು, ಗೋಡೆ ತುಂಬ ಮೀಸೆ ಹೊತ್ತ ಯಜಮಾನರ ಪಟಗಳು.

ಮಗ ಇನ್ನೂ ಹೊಸ್ತಿಲಲ್ಲೇ ನಿಂತಿದ್ದ. ಹಿಂದಿನವರು ದಾರಿ ಬಿಡಿ ಎಂದು ಗೊಣಗಿದಾಗ ಬುಗುರಿಯನ್ನು ಹತ್ತಿರ ಕರೆದು ಅವಳ ಭುಜ ಹಿಡಿದುಕೊಂಡ. ಅಪ್ಪ ಮಗಳು ಹಾಗೆ ಅಂಟಿಕೊಂಡು ನಡೆಯುವುದನ್ನು ನೋಡಿ ಸೊಸೆಯ ಮುಖ ಅರಳಿತು. ಬೆಳಗ್ಗಿನ ಜಗಳ ಅಲ್ಲಿಗೆ ಮುಗಿಯಿತು.

ಕಣ್ಣು ಸರಿಯಿಲ್ಲದವನೆಂದು ಯಾರೂ ಹೇಳುವಂತಿರಲಿಲ್ಲ. ಎದುರು ಗೋಡೆಯಲ್ಲಿ ದೀಪದ ಕೆಳಗಿದ್ದ ಹಿತ್ತಾಳೆ ತಗಡಿನ ಮೇಲಿನ ಇರುವೆಯಂಥ ಅಕ್ಷರಗಳನ್ನು ಅವನು ಅಷ್ಟು ದೂರದಿಂದ ಗಟ್ಟಿಯಾಗಿ ಓದಿದ. ಹದ್ದಿನ ಕಣ್ಣು ನಿಮ್ಮದು ಎಂದು ಯಾರೋ ಹೊಗಳಿದರು. ಅದೇ ಮನುಷ್ಯ ಮುಂದಿನ ಕೋಣೆಯಲ್ಲಿ, ಸೊಂಟದೆತ್ತರಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದ್ದ ಕಂಬಕ್ಕೆ ಢಿಕ್ಕಿ ಹೊಡೆದು ಅದನ್ನು ಠಣ್ಣೆಂದು ಉರುಳಿಸಿದ. ಕಾವಲುಗಾರ ಓಡಿ ಬಂದ. ದಾರಿಯಲ್ಲಿ ಯಾಕಪ್ಪ ಇಡ್ತೀರಿ ಇದನ್ನೆಲ್ಲ ಎಂದು ಮಗನೇ ಅವನ ಮೇಲೆ ರೇಗಿದ. ಕಂಬವಿದ್ದದ್ದು ದಾರಿಯಲ್ಲಲ್ಲ, ಪಕ್ಕದಲ್ಲಿ. ಅಜ್ಜಿಗೆ ಅದು ಕಂಡಿತ್ತು. ಏನೋ ಯೋಚನೆಯಲ್ಲಿದ್ದಾನೆ ಎಂದುಕೊಂಡಳು.

ಕನ್ನಡಿಯ ಕೋಣೆಯಲ್ಲಿ ಎಲ್ಲರೂ ಎಡವಿ ಎಲ್ಲರೂ ನಕ್ಕರು. ಆಮೇಲೆ ಮಹಲು ತೋರಿಸುವ ಹುಡುಗಿ ಅವರನ್ನು ಹಿಂಬದಿಯ ಓಣಿಗೆ ಕರೆತಂದಳು. ಹಿಂದೆ ಆಳುಕಾಳುಗಳು ಅಡುಗೆಮನೆಗೆ ಇಳಿಯುತ್ತಿದ್ದ ಕಡಿದಾದ ಕಲ್ಲುಮೆಟ್ಟಿಲು ಅಲ್ಲಿತ್ತು. ಯಜಮಾನರ ಕಣ್ಣಿಗೆ ಬೀಳದ ದಾರಿಯಾದ್ದರಿಂದ ಕಿಟಕಿಯೂ ಇಲ್ಲ, ಅಲಂಕಾರವೂ ಇಲ್ಲ. ಬುಗುರಿ ಅಪ್ಪನ ಕೈಯಿಂದ ನುಣುಚಿಕೊಂಡು ಟಪಟಪನೆ ಕೆಳಗಿಳಿದುಬಿಟ್ಟಳು. ಮಗ ಒಬ್ಬನೇ ಉಳಿದ. ಅಜ್ಜಿ ಅವನ ಬೆನ್ನ ಹಿಂದೆಯೇ ಇದ್ದಳು.

ಅವನು ಬಲಗಾಲು ಎತ್ತಿದ. ಎತ್ತಿದ ಕಾಲನ್ನು ಮುಂದಿಡಲಿಲ್ಲ. ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ಅಂಗಾಲನ್ನು ಅರ್ಧ ಸುತ್ತು ಸವರಿದ, ಬೆಕ್ಕು ನೀರು ಮುಟ್ಟಿ ನೋಡುವಂತೆ. ಅದೇ ಹೊತ್ತಿಗೆ ಅವನ ಎಡಗೈ ಎದೆಯ ಮುಂದಕ್ಕೆ ಬಂದು, ಬೆರಳು ಬಿಡಿಸಿಕೊಂಡು ನಿಂತಿತು.

ಆ ಕಾಲು, ಆ ಕೈ ಅಜ್ಜಿಗೆ ಗೊತ್ತಿತ್ತು. ಅವು ಅವಳ ಗಂಡನವು.

ಗಂಡ ಮನೆಗಳಿಗೆ ಸುಣ್ಣ ಬಳಿಯುವ ಕೆಲಸದವನಾಗಿದ್ದ. ಒಂದು ದಿನ ಡಬ್ಬ ಜಾರಿ ಸುಣ್ಣ ಕಣ್ಣಿಗೆ ಹಾರಿತು. ಆಮೇಲೆ ವರ್ಷದಿಂದ ವರ್ಷಕ್ಕೆ ನೋಟ ಇಂಗುತ್ತ ಹೋಯಿತು. ಮೊದಲು ಸಂಜೆಯ ಹೊತ್ತು ಕಾಣಲಿಲ್ಲ, ಆಮೇಲೆ ಪಕ್ಕದಲ್ಲಿ ನಿಂತವರು ಕಾಣಲಿಲ್ಲ, ಕೊನೆಗೆ ಹೆಂಡತಿಯ ಮುಖವೂ ಇಲ್ಲ. ಕೊನೆಯ ವರ್ಷಗಳಲ್ಲಿ ಮನೆಯೊಳಗೆ ಹೀಗೇ ಕಾಲು ಸವರುತ್ತ, ಹೀಗೇ ಕೈ ಒಡ್ಡಿಕೊಂಡು ಓಡಾಡುತ್ತಿದ್ದ. ಸುಣ್ಣದ ಕಾಟ ಎಂದು ಕೇರಿಯೆಲ್ಲ ಹೇಳಿತು. ಅಜ್ಜಿಯೂ ಅದನ್ನೇ ನಂಬಿ, ಬಿಳಿ ಗೋಡೆ ಕಂಡಾಗಲೆಲ್ಲ ಮನಸ್ಸಿನಲ್ಲೇ ಶಪಿಸುತ್ತ ಬಂದಿದ್ದಳು. ಮಗನ ಕಣ್ಣಿಗೆ ಯಾವ ಸುಣ್ಣವೂ ಬಿದ್ದಿರಲಿಲ್ಲ.

ಹಾಗಾದರೆ ಅದು ಸುಣ್ಣವಾಗಿರಲಿಲ್ಲ.

ಅಷ್ಟರಲ್ಲಿ ಮಗನ ಕಾಲು ಗಾಳಿಯಲ್ಲಿ ಇಳಿಯಿತು. ಪಕ್ಕದ ಕಂಬಿ ಕೈಗೆ ಸಿಕ್ಕಿದ್ದರಿಂದ ಬಚಾವಾದ. ಮೂರ್ನಾಲ್ಕು ಮೆಟ್ಟಿಲು ಜಾರಿ ಕುಂಡೆಯ ಮೇಲೆ ಕೂತ. ಕೆಳಗಿನಿಂದ ಬುಗುರಿ ಕೇಕೆ ಹಾಕಿ ನಕ್ಕಳು. ಅವನೂ ನಕ್ಕು, ಹೊಸ ಚಪ್ಪಲಿ, ಹಿಡಿತವೇ ಇಲ್ಲ ಎಂದ. ಎಲ್ಲರೂ ನಂಬಿದರು.

ಕೆಳಗಿನ ಅಡುಗೆಮನೆಯಲ್ಲಿ ಮನುಷ್ಯ ಕೂರುವಷ್ಟು ದೊಡ್ಡ ತಾಮ್ರದ ಹಂಡೆಗಳಿದ್ದವು. ಒಂದು ಹೊತ್ತಿಗೆ ಎಷ್ಟು ಮಂದಿ ಉಣ್ಣುತ್ತಿದ್ದರು, ಯಜಮಾನಿಗೆ ಯಾವ ತಟ್ಟೆ, ಆಳಿಗೆ ಯಾವ ತಟ್ಟೆ ಎಂದು ಆ ಹುಡುಗಿ ಹೇಳುತ್ತಲೇ ಇದ್ದಳು. ಅಜ್ಜಿಯ ಕಿವಿಗೆ ಒಂದೂ ಬೀಳಲಿಲ್ಲ. ಅವಳು ಗೋಡೆಗೆ ಅಂಗೈ ಊರಿ ನಿಂತಿದ್ದಳು. ಸೊಸೆ ಸುಸ್ತಾಯಿತೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದಳು. ಅವಳ ಕಣ್ಣ ಮುಂದೆ ಇದ್ದದ್ದು ಹಂಡೆಗಳಲ್ಲ, ನಾಳೆ ಬೆಳಿಗ್ಗೆ ಚೀಲ ಬೆನ್ನಿಗೇರಿಸಿ ಬೀದಿ ಮೂಲೆಯಲ್ಲಿ ವ್ಯಾನಿಗೆ ಕಾಯುವ ಮಕ್ಕಳು.

ಸ್ನಾನದ ತೊಟ್ಟಿಯೊಂದು ನೋಡಲು ಬಾಕಿಯಿತ್ತು. ಮಗ ಬಿಡಲಿಲ್ಲ. ಹೊತ್ತು ಇಳಿಯುತ್ತಿದೆ ಎಂದು ಎಲ್ಲರನ್ನೂ ದಬಾಯಿಸಿ ಹೊರಡಿಸಿದ. ಬುಗುರಿ ಮುಖ ಊದಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಗುಡ್ಡದ ಇಳಿಜಾರು ಸುತ್ತಿ ಸುತ್ತಿ ಇಳಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಬುಗುರಿ ಕಿಟಕಿಯಾಚೆ ಕತ್ತು ಹಾಕಿ ಏನೋ ಹೇಳುವುದು ಅಜ್ಜಿಗೆ ಕೇಳಿಸಿತು.

"ಎಡಗಡೆ ಯಾರೂ ಇಲ್ಲ ಅಪ್ಪ. ಹೋಗು."

ಸ್ವಲ್ಪ ಮುಂದೆ, "ಎಡಗಡೆ ಸೈಕಲ್ಲು. ಹೂಂ, ಹೋಯ್ತು. ಯಾರೂ ಇಲ್ಲ."

ಇದೇನು ಆಟವೇ ಬುಗುರಿ ಎಂದು ಅಜ್ಜಿ ಕೇಳಿದಳು.

"ಆಟ ಅಲ್ಲ ಅಜ್ಜಿ, ಡ್ಯೂಟಿ. ನಾನು ಅಪ್ಪನ ಕಂಡಕ್ಟರು. ದಿನಾ ನಾನೇ ಹೇಳೋದು. ನಾನು ಹೇಳದೆ ಅಪ್ಪ ತಿರುಗಿಸೋದೇ ಇಲ್ಲ."

ಸೊಸೆ ನಕ್ಕಳು. ಮಗನ ಕುತ್ತಿಗೆಯ ನರ ಬಿಗಿದುಕೊಂಡದ್ದನ್ನು ಅಜ್ಜಿ ಹಿಂದಿನ ಸೀಟಿನಿಂದ ನೋಡಿದಳು. ತನ್ನ ಕಣ್ಣಿನ ವಿಷಯ ಅವನಿಗೆ ಗೊತ್ತಿದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ಮನೆ ಮುಟ್ಟುವವರೆಗೆ ಅವಳು ಮುಂದಿನ ಸೀಟಿನ ಸರಳನ್ನು ಬಿಡಲಿಲ್ಲ.

ಆಮೇಲಿನ ವಾರಗಳಲ್ಲಿ ಅಜ್ಜಿಗೆ ಊಟ ಸೇರಲಿಲ್ಲ. ಕಣ್ಣೆಲ್ಲ ಮಗನ ಮೇಲೆ. ಊಟಕ್ಕೆ ಕೂತರೆ ಅವನು ನೀರಿನ ಲೋಟವನ್ನು ತಟ್ಟೆಯ ಎದುರಿಗೇ ಎಳೆದಿಟ್ಟುಕೊಳ್ಳುತ್ತಿದ್ದ. ಸೊಸೆ ಮರೆತು ಪಕ್ಕಕ್ಕಿಟ್ಟ ದಿನ ಮೊಣಕೈ ತಾಗಿ ಲೋಟ ಉರುಳುತ್ತಿತ್ತು, ಎಲ್ಲೆಂದರಲ್ಲಿ ಇಡ್ತೀಯ ಎಂದು ಅವಳಿಗೆ ಬೈಗುಳ ಬೀಳುತ್ತಿತ್ತು. ಬಾಗಿಲು ಅರ್ಧ ತೆರೆದಿದ್ದರೆ ಅದರ ಅಂಚಿಗೆ ಹಣೆ ಬಡಿಯುತ್ತಿತ್ತು. ಮನೆಯ ಬಲ್ಬುಗಳನ್ನೆಲ್ಲ ಬದಲಿಸಿ ಕಣ್ಣು ಚುಚ್ಚುವಂಥವನ್ನು ತಂದು ಹಾಕಿದ್ದ. ಯಾಕೆಂದರೆ ಬುಗುರಿಯ ಓದಿಗೆ ಅನ್ನುತ್ತಿದ್ದ. ಒಂದೊಂದಾಗಿ ನೋಡಿದರೆ ಯಾವುದೂ ಏನೂ ಅಲ್ಲ. ಎಲ್ಲ ಕೂಡಿಸಿದರೆ ಗಂಡನ ಕಣ್ಣು ಹೋಗತೊಡಗಿದ ವರ್ಷಗಳೇ ಅಜ್ಜಿಯ ಎದುರಿಗೆ ಬರುತ್ತಿದ್ದವು.

ಬೆಳಿಗ್ಗೆ ವ್ಯಾನು ಹೊರಟ ಸದ್ದು ಕೇಳಿದರೆ ಅವಳ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಎದ್ದು ಕಿಟಕಿಗೆ ಬರುವಳು. ಫೋನು ಹೊಡೆದುಕೊಂಡರೆ ಎತ್ತುವ ಧೈರ್ಯವಿಲ್ಲದೆ ಅದು ತಾನಾಗಿ ನಿಲ್ಲುವ ತನಕ ಕಾಯುವಳು. ಮಧ್ಯಾಹ್ನ ವ್ಯಾನು ವಾಪಸು ಬಂದು, ಬುಗುರಿಯ ಚೀಲ ಮೂಲೆಗೆ ಬಿದ್ದ ಸದ್ದಾದ ಮೇಲೆಯೇ ಅವಳಿಗೆ ಉಸಿರು.

ತಡೆಯಲಾರದೆ ಒಂದು ಸಂಜೆ ಸೊಸೆಯ ಹತ್ತಿರ ಹೇಳಿದಳು. ಇಬ್ಬರೂ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತ ಕೂತಿದ್ದರು. ಮಹಲಿನ ಮೆಟ್ಟಿಲು, ಸುಣ್ಣದ ಡಬ್ಬ, ಬುಗುರಿಯ ಡ್ಯೂಟಿ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಸೊಸೆಯ ಕೈಯ ಚಾಕು ನಿಂತಿತ್ತು.

"ಬಿಡ್ತು ಅನ್ನಿ ಅತ್ತೆ. ಸಂಜೆ ಹೊತ್ತಲ್ಲಿ ಎಂಥ ಮಾತು ಆಡ್ತೀರಿ."

"ಬಿಡ್ತು ಅಂದ್ರೆ ಬಿಡೋದಾದ್ರೆ ಆಗಲೇ ಅಂದಿರ್ತಿದ್ದೆ ಕಣಮ್ಮ."

ಸೊಸೆಗೆ ಸಿಟ್ಟು ಬಂತು. ಗಂಡ ಸತ್ತ ಸಂಕಟವನ್ನು ಮಗನ ಮೇಲೆ ಹಾಕಬೇಡಿ ಎಂದಳು. ದಿನವೂ ಸೂಜಿಗೆ ದಾರ ಪೋಣಿಸಿಕೊಡುವವರು ಯಾರು, ನಿಮ್ಮ ಮಗನೇ ಅಲ್ಲವೇ ಎಂದಳು. ವ್ಯಾನು ನಿಂತರೆ ಮನೆಯ ಒಲೆ ಯಾವುದರಿಂದ ಉರಿಯಬೇಕು, ಬೇಕರಿಯ ಸಂಬಳ ನಂಬಿಕೊಂಡು ನಾಲ್ಕು ಹೊಟ್ಟೆ ತುಂಬುತ್ತವೆಯೇ ಎಂದಳು. ಹಾಗೆ ಹೇಳುತ್ತ ಹೇಳುತ್ತಲೇ ಅವಳ ದನಿ ಇಳಿಯಿತು. ಹೆರೆದ ಆಲೂಗಡ್ಡೆಯನ್ನೇ ಮತ್ತೆ ಹೆರೆಯತೊಡಗಿದಳು.

ಅವತ್ತು ರಾತ್ರಿ ಊಟದಲ್ಲಿ ಸೊಸೆ ಏನೂ ಹೇಳದೆ ಗಂಡನ ಪಕ್ಕಕ್ಕೆ ಹೋಗಿ, ಬ್ರೆಡ್ಡಿನ ತಟ್ಟೆಯನ್ನು ಅವನ ಕಿವಿಯ ನೇರಕ್ಕೆ ಹಿಡಿದು ನಿಂತಳು. ಅವನು ಎದುರು ನೋಡುತ್ತ ಉಣ್ಣುತ್ತಲೇ ಇದ್ದ. ಅವಳು ತಟ್ಟೆಯನ್ನು ಸ್ವಲ್ಪ ಮುಂದೆ ತಂದಳು. ಇನ್ನೂ ಸ್ವಲ್ಪ. ಅದು ಅವನ ಮೂಗಿನ ಹತ್ತಿರ ಬಂದಾಗ ಅವನು ಬೆಚ್ಚಿ ಹಿಂದೆ ಸರಿದ.

"ಏನೇ ಇದು, ದೆವ್ವದ ಹಾಗೆ ಬಂದು ನಿಂತ್ಕೊಂಡು?"

"ಎಷ್ಟು ಹೊತ್ತಿಂದ ನಿಂತಿದ್ದೆ ಹೇಳಿ ನೋಡೋಣ."

ಅವನು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಅವನು ಕೂಗಾಡಿದ್ದು ಆ ಮನೆಯಲ್ಲಿ ಹಿಂದೆಂದೂ ಯಾರೂ ಕೇಳಿರದಂಥ ಕೂಗಾಟ. ಇಷ್ಟು ವರ್ಷ ಓಡಿಸಿದ್ದೇನೆ, ಒಂದು ಮಗುವಿನ ಮಂಡಿ ತರಚಿದೆಯೇ, ನನ್ನ ಬೆನ್ನ ಹಿಂದೆ ಅತ್ತೆ ಸೊಸೆ ಸೇರಿ ಏನು ಪಿತೂರಿ ಮಾಡುತ್ತಿದ್ದೀರಿ, ಹೊರಗೆ ಯಾರ ಕಿವಿಗಾದರೂ ಬಿದ್ದರೆ ನಾಳೆಯೇ ನಾವು ಬೀದಿಗೆ ಎಂದ. ಕಣ್ಣಿನ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬಾ ಎಂದು ಅಜ್ಜಿ ಮೆಲ್ಲಗೆ ಅಂದದ್ದಕ್ಕೆ ತಟ್ಟೆ ದೂಡಿ ಎದ್ದ. ಎದ್ದವನಿಗೆ ಕುರ್ಚಿ ತೊಡರಿತು. ಯಾರೂ ನಗಲಿಲ್ಲ. ಬುಗುರಿ ಅಳುತ್ತಿದ್ದಳು.

ಸ್ವಲ್ಪ ದಿನಕ್ಕೆ ವ್ಯಾನಿನ ಎಡಮಗ್ಗುಲಿಗೆ ನಗ್ಗು ಬಿತ್ತು. ಯಾವನೋ ಬೈಕಿನವನು ಗುದ್ದಿಕೊಂಡು ಹೋದ ಎಂದು ಮಗ ಹೇಳಿದ. ಬುಗುರಿ ಅಪ್ಪನಿಲ್ಲದಾಗ ಅಜ್ಜಿಯ ಸೆರಗಿಗೆ ಜೋತು ಬಿದ್ದು, ಅದು ಬೈಕಲ್ಲ, ಶಾಲೆಯ ಗೇಟಿನ ಕಂಬ, ಕೆಳಗೆ ಬಿದ್ದ ಪೆನ್ಸಿಲ್ ಹುಡುಕುತ್ತ ಆಗ ತಾನು ಬಗ್ಗಿದ್ದೆ, ತಪ್ಪು ತನ್ನದೇ ಎಂದು ಗುಟ್ಟು ಹೇಳಿದಳು. ಇಷ್ಟು ಚಿಕ್ಕ ಹೆಗಲ ಮೇಲೆ ಎಷ್ಟು ದೊಡ್ಡ ಹೊರೆ ಕೂತಿದೆ ಎಂಬುದು ಅಜ್ಜಿಗೆ ಅಂದು ತಿಳಿಯಿತು. ಸೊಸೆಗೂ ಹೇಳಿದಳು.

ಸೊಸೆ ಅದನ್ನು ಕೇಳಿ ಒಂದೇ ತೀರ್ಮಾನ ಮಾಡಿದಳು. ಬೆಳಿಗ್ಗೆ ಬುಗುರಿಯ ಕೈ ಹಿಡಿದು, ಇವತ್ತಿನಿಂದ ಇವಳು ನನ್ನ ಜೊತೆ ನಡೆದುಕೊಂಡು ಬರುತ್ತಾಳೆ, ಬೇಕರಿಯ ದಾರಿಯಲ್ಲೇ ಶಾಲೆ ಎಂದು ಗಂಡನಿಗೆ ಹೇಳಿದಳು. ಅವನು ಹಲ್ಲುಜ್ಜುತ್ತಿದ್ದ. ಬಾಯಲ್ಲಿದ್ದ ನೊರೆ ಹಾಗೆಯೇ ನಿಂತಿತು. ಯಾಕೆ ಎಂದು ಅವನು ಕೇಳಲಿಲ್ಲ.

ಅಂದು ಸೊಸೆ ಬೇಕರಿಯಿಂದ ಬಂದಾಗ ಅವಳ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ಒಂದಿಷ್ಟು ನೆಮ್ಮದಿಯಿತ್ತು. ಅಜ್ಜಿ ಅದನ್ನು ಕೆಡಿಸಬೇಕಾಯಿತು.

"ನಮ್ಮ ಮಗೂನ ಇಳಿಸಿಕೊಂಡ್ವಿ. ಉಳಿದವರ ಮಕ್ಕಳು?"

ಸೊಸೆ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

"ಅದೂ ಅಲ್ಲದೆ, ಎಡಗಡೆ ಯಾರಿದ್ದಾರೆ ಅಂತ ಹೇಳೋಳು ಇವಳೊಬ್ಬಳಿದ್ಲು," ಎಂದಳು ಅಜ್ಜಿ. "ಇವತ್ತು ಯಾರು ಹೇಳಿದ್ರು ಅವನಿಗೆ?"

ಸೊಸೆ ಬಾಗಿಲ ಬಳಿಯೇ ಕುಸಿದು ಕೂತಳು. ಅವರಿಬ್ಬರೂ ಸೇರಿ ಒಂದು ಮಗುವನ್ನು ಕಾಪಾಡಲು ಹೋಗಿ ವ್ಯಾನಿನ ಒಂದು ಕಣ್ಣನ್ನು ಕಿತ್ತಿದ್ದರು. ಪೊಲೀಸರಿಗೆ ಹೇಳುವುದೇ, ಶಾಲೆಯವರಿಗೆ ಹೇಳುವುದೇ? ಹೇಳಿದರೆ ಅವನು ಮತ್ತೆ ತಲೆಯೆತ್ತಿ ನಡೆದಾನೆಯೇ? ಹೇಳದಿದ್ದರೆ? ಅತ್ತೆ ಸೊಸೆ ಬಹಳ ಹೊತ್ತು ಪಿಸುಪಿಸು ಮಾತಾಡಿದರು, ಯಾವ ದಾರಿಯೂ ಹೊಳೆಯಲಿಲ್ಲ. ಬೆಳಗಾಗಲಿ, ಶಾಲೆಗೆ ನಾನೇ ಹೋಗಿ ಹೇಳುತ್ತೇನೆ ಎಂದಳು ಸೊಸೆ. ಗಂಡನನ್ನು ಹೆಂಡತಿ ಹಿಡಿದುಕೊಟ್ಟಳು ಎಂಬ ಮಾತು ಈ ಮನೆಯಲ್ಲಿ ಆಮೇಲೆ ಎಂದೂ ಸಾಯುವುದಿಲ್ಲ ಎಂದು ಅಜ್ಜಿಗೆ ಅನ್ನಿಸಿತು. ಅವನು ತಾನಾಗಿಯೇ ಕೀಲಿ ಕೆಳಗಿಡಬೇಕು.

ಬೆಳಿಗ್ಗೆ ಮಗ ಎಂದಿನಂತೆ ಚಹಾ ಕುಡಿದು, ತಲೆ ಬಾಚಿಕೊಂಡ. ಅವನಿಗಿಂತ ಮೊದಲು ಅಜ್ಜಿ ಹಿಂಬಾಗಿಲಿನಿಂದ ಹೊರಗೆ ಹೋದಳು. ವ್ಯಾನು ಮನೆಯ ಮುಂದೆ ನಿಂತಿತ್ತು. ಚೆನ್ನಾಗಿ ಬೆಳಕಾಗಿತ್ತು, ಎದುರು ಮನೆಯ ಗೋಡೆಯ ಮೇಲಿನ ಬಿರುಕು ಕೂಡ ಕಾಣುವಂತಿತ್ತು. ಅಜ್ಜಿ ವ್ಯಾನಿನ ಎಡಬದಿಗೆ, ಮುಂದಿನ ಚಕ್ರದಿಂದ ಒಂದು ಮಾರು ದೂರ ಹೋಗಿ ನಿಂತಳು. ಮೈಮೇಲೆ ಕೆಂಪು ಶಾಲು ಹೊದ್ದಿದ್ದಳು, ಮರೆಯಾಗಿ ನಿಂತಳೆಂದು ಯಾರೂ ಹೇಳಬಾರದು. ಅವನು ನೋಡಲಿ ಎಂದು ಒಳಗೊಳಗೇ ಬೇಡಿಕೊಂಡಳು. ಏನಮ್ಮ ಇಲ್ಲಿ ನಿಂತಿದ್ದೀಯ ಎಂದು ಕೇಳಲಿ, ನಾನು ಹುಚ್ಚು ಮುದುಕಿ ಎಂದು ಸಾಬೀತಾಗಲಿ.

ಮಗ ಹೊರಬಂದ. ಮುಂದಿನ ಗಾಜು ಒರೆಸಿದ. ತಲೆ ಎತ್ತಿ ಬೀದಿಯ ಉದ್ದಕ್ಕೂ ನೋಡಿದ. ಅವಳಿದ್ದ ಕಡೆಗೂ ಅವನ ಮುಖ ಅರ್ಧ ತಿರುಗಿ, ಏನೂ ಇಲ್ಲದ ಜಾಗದ ಮೇಲೆ ಹಾಯುವ ಹಾಗೆ ಹಾಯ್ದು ಹೋಯಿತು. ಬಲಬಾಗಿಲು ತೆಗೆದು ಹತ್ತಿ ಕೂತ. ಇಂಜಿನ್ನು ಗುರುಗುಟ್ಟಿತು. ಎದುರು ಮನೆಯ ಮುಂದೆ ಯಾರದೋ ಗಾಡಿ ನಿಂತಿದ್ದರಿಂದ ಅವನು ಹೊರಡುವಾಗ ಎಡಕ್ಕೆ ಎಳೆದುಕೊಳ್ಳಬೇಕಿತ್ತು. ಚಕ್ರ ಅವಳ ಕಡೆಗೆ ತಿರುಗಿತು.

ಓಡಬೇಕೆಂದು ಅಜ್ಜಿಗೆ ಅನ್ನಿಸಿತು. ಕಾಲು ಏಳಲಿಲ್ಲ. ವ್ಯಾನಿನ ಮೂತಿ ಹತ್ತಿರ ಬಂತು, ಬಿಸಿ ಗಾಳಿ ಮೊಣಕಾಲಿಗೆ ತಾಗಿತು. ಇದ್ದ ಬಲವನ್ನೆಲ್ಲ ಕೂಡಿಸಿ ಎರಡೂ ಅಂಗೈಯಿಂದ ಆ ತಗಡನ್ನು ಬಡಿದಳು.

ವ್ಯಾನು ಗಕ್ಕನೆ ನಿಂತಿತು. ಒಳಗಿನಿಂದ ಸೊಸೆ ಚೀರಿಕೊಂಡು ಓಡಿ ಬಂದಳು. ಮಗ ಇಳಿದು, ಬಾನೆಟ್ಟಿಗೆ ಕೈ ತಾಗಿಸಿಕೊಂಡು ಸುತ್ತು ಹಾಕಿ ಬಂದ. ಚಕ್ರಕ್ಕೂ ಅವಳ ಕಾಲಿಗೂ ನಡುವೆ ಇದ್ದದ್ದು ಒಂದು ಗೇಣು ಜಾಗ.

"ಅಮ್ಮ... ಎಲ್ಲಿಂದ ಬಂದೆ ನೀನು?"

"ಎಲ್ಲಿಂದಲೂ ಬರಲಿಲ್ಲ. ನೀನು ಗಾಜು ಒರೆಸೋ ಮೊದಲಿಂದ ಇಲ್ಲೇ ಇದ್ದೀನಿ. ನೀನು ನನ್ನ ಕಡೆ ನೋಡ್ದೆ ಕೂಡ."

ಅವನು ಬಗ್ಗಿ ಚಕ್ರವನ್ನೂ ಅವಳ ಪಾದವನ್ನೂ ನೋಡಿದ.

"ನಾನು ಇಷ್ಟು ಎತ್ತರ ಇದ್ದೀನಿ ಕಣೋ," ಎಂದು ಅಜ್ಜಿ ತನ್ನ ನೆತ್ತಿಗೆ ಕೈಯಿಟ್ಟು ತೋರಿಸಿದಳು. ಆಮೇಲೆ ಆ ಕೈಯನ್ನು ಸೊಂಟದ ಮಟ್ಟಕ್ಕೆ ಇಳಿಸಿದಳು. "ಅವರು ಇಷ್ಟೇ ಇರ್ತಾರೆ."

ಮಗ ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಯಾವಾಗಿನಿಂದ ಎಂದು ಸೊಸೆ ಕೇಳಿದಳು. ಎರಡು ವರ್ಷ ಆಗಿರಬೇಕು ಎಂದ. ಬಟ್ಟೆಯ ಅಂಚು ಸುಟ್ಟುಕೊಂಡು ಬಂದ ಹಾಗೆ, ನೋಟ ಸುತ್ತಲಿಂದ ಕರಗುತ್ತ ಬಂತು, ನಡುವಿನದೊಂದು ಚೊಕ್ಕ ಉಳಿದಿದೆ ಎಂದ. ಅಪ್ಪನ ಹಾಗೇ ಆಗುತ್ತಿದೆ ಎಂದು ಅವನಿಗೆ ಎಂದೋ ತಿಳಿದಿತ್ತು; ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

"ದಿನಾ ಬೆಳಿಗ್ಗೆ ಇವತ್ತೊಂದು ದಿನ ದಾಟಲಿ ಅಂತ ಹೋಗ್ತಿದ್ದೆ ಅಮ್ಮ. ಇವತ್ತೊಂದು ದಿನ."

ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಮೊದಲ ನಿಲ್ದಾಣದ ಮಕ್ಕಳ ತಾಯಿ, ವ್ಯಾನು ಯಾಕೆ ಬರಲಿಲ್ಲವೆಂದು. ಅವನು ಹೆಂಡತಿಯ ಕಡೆ ನೋಡಿದ. ಅವಳು ಕೈ ಚಾಚಲಿಲ್ಲ. ಅವನೇ ಫೋನು ಕಿವಿಗೆ ಹಿಡಿದು, ಇವತ್ತು ವ್ಯಾನು ಬರುವುದಿಲ್ಲ ಎಂದ. ನಾಳೆ ಎಂದು ಆಕೆ ಕೇಳಿರಬೇಕು. ನಾಳೆಯೂ ಇಲ್ಲ, ನನಗೆ ಕಣ್ಣು ಕಾಣುವುದಿಲ್ಲ ಎಂದ.

ಆ ತಾಯಿ ಸಂಜೆ ಮನೆಗೆ ಬಂದಳು. ಬೈಯುತ್ತಾಳೆಂದು ಎಲ್ಲರೂ ತಲೆ ಬಗ್ಗಿಸಿ ನಿಂತರು. ಅವಳು ಒಳಗೂ ಬರಲಿಲ್ಲ, ಕೂರಲೂ ಇಲ್ಲ. ಇಬ್ಬರು ಮಕ್ಕಳನ್ನೂ ಎರಡು ಪಕ್ಕಕ್ಕೆ ಅವುಚಿಕೊಂಡು ಹೊಸ್ತಿಲಲ್ಲಿ ನಿಂತು, ನಾನು ನಿಮ್ಮನ್ನು ನಂಬಿದ್ದೆ ಎಂದಷ್ಟೇ ಹೇಳಿ ಹೊರಟುಹೋದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎಂದು ಮಗ ಆಮೇಲೆ ಎಷ್ಟೋ ಸಲ ಹೇಳಿದ.

ಕಣ್ಣಾಸ್ಪತ್ರೆಯಲ್ಲಿ ಅವನ ತಲೆಯನ್ನು ಒಂದು ಯಂತ್ರದೊಳಗೆ ಇಡಿಸಿ, ಅಲ್ಲಲ್ಲಿ ಮಿನುಗುವ ಚುಕ್ಕಿ ಕಂಡಾಗ ಗುಂಡಿ ಒತ್ತಲು ಹೇಳಿದರು. ಹೊರಗೆ ಕೂತ ಅಜ್ಜಿಗೂ ಸೊಸೆಗೂ ಆ ಗುಂಡಿಯ ಟಿಕ್ಕು ಕೇಳುತ್ತಿತ್ತು. ಬಹಳ ಹೊತ್ತಿಗೊಂದು ಕೇಳುತ್ತಿತ್ತು. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. ಇದು ಹುಟ್ಟಿನಿಂದ ಬರುವಂಥದ್ದು, ಔಷಧವಿಲ್ಲ, ನಡುವಿನ ನೋಟ ಇನ್ನೆಷ್ಟು ವರ್ಷ ಉಳಿಯುತ್ತದೆಂದು ಹೇಳಲಾಗದು, ಗಾಡಿ ಮಾತ್ರ ಇನ್ನು ಮುಟ್ಟುವ ಹಾಗಿಲ್ಲ ಎಂದಳು. ಮಗ ಅಳಲಿಲ್ಲ. ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಸಿದವನ ಹಾಗೆ ಬೆನ್ನು ಹಿಂದಕ್ಕೆ ಆನಿಸಿ ಕೂತ.

ಹೊರಡುವ ಹೊತ್ತಿಗೆ ಅಜ್ಜಿ ಬಾಗಿಲಲ್ಲಿ ತಿರುಗಿ ನಿಂತಳು. ಕೇಳಬಾರದು ಎಂದುಕೊಂಡೇ ಕೇಳಿದಳು.

"ಇವನಿಗೊಂದು ಹೆಣ್ಣು ಮಗು ಇದೆ ಡಾಕ್ಟ್ರೇ."

ಕರೆದುಕೊಂಡು ಬನ್ನಿ ಎಂದಳು ಡಾಕ್ಟರಮ್ಮ.

ಬುಗುರಿಗೆ ಅದೊಂದು ಆಟ. ಯಂತ್ರದೊಳಗೆ ತಲೆಯಿಟ್ಟು ಟಿಕ್ ಟಿಕ್ ಟಿಕ್ ಎಂದು ಒಂದೇ ಸಮ ಗುಂಡಿ ಒತ್ತಿದಳು. ಹೊರಗೆ ಬೆಂಚಿನ ಮೇಲೆ ಮೂವರೂ ಉಸಿರು ಹಿಡಿದು ಕೂತಿದ್ದರು. ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ಹೊತ್ತು ಹೆಚ್ಚಾದರೆ ಸೊಸೆಯ ಉಗುರು ಅಜ್ಜಿಯ ತೋಳಿಗೆ ನಾಟುತ್ತಿತ್ತು. ಈಗ ನೋಡಿದ ಮಟ್ಟಿಗೆ ಏನೂ ಕಾಣುತ್ತಿಲ್ಲ, ಆದರೆ ಮುಂದೆ ಬರುವುದಿಲ್ಲ ಎಂದು ನಾನು ಬರೆದುಕೊಡಲಾರೆ, ಪ್ರತಿ ವರ್ಷ ತೋರಿಸುತ್ತಿರಿ ಎಂದಳು ಡಾಕ್ಟರಮ್ಮ. ನಾನು ಫಸ್ಟಾ ಎಂದು ಬುಗುರಿ ಕೇಳಿದಳು. ಅವಳ ಅಪ್ಪ ಅವಳನ್ನು ಎತ್ತಿಕೊಂಡು, ಹೂಂ, ಫಸ್ಟು ಎಂದ.

ವ್ಯಾನನ್ನು ಬೇರೊಬ್ಬ ಡ್ರೈವರಿಗೆ ಮಾರಿದರು. ಸೊಸೆ ಬೇಕರಿಯ ಯಜಮಾನನ ಹತ್ತಿರ ಗೋಗರೆದು ಗಂಡನಿಗೂ ಅಲ್ಲಿ ಒಂದು ಕೆಲಸ ಹುಡುಕಿದಳು. ಝಗಝಗ ಬೆಳಕಿನ ಕೋಣೆಯಲ್ಲಿ ನಿಂತಲ್ಲೇ ನಿಂತು ಹಿಟ್ಟು ನಾದುವುದು, ಉಂಡೆ ಕಟ್ಟುವುದು. ಗಂಡ ಹೆಂಡತಿ ಒಂದೇ ಮೇಜಿನ ಎರಡು ಬದಿಗೆ ನಿಂತು ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ಮುಗಿಯದ ಜಗಳವನ್ನು ಅಲ್ಲಿ ಮುಂದುವರಿಸುತ್ತಿದ್ದರು. ಅವನು ಕಟ್ಟಿದ ಉಂಡೆಗಳು ಒಂದೂ ಒಂದರ ಹಾಗಿಲ್ಲ ಎಂದು ಅವಳು ಹೀಯಾಳಿಸುವಳು. ತಿನ್ನುವವರು ಕಣ್ಣು ಮುಚ್ಚಿಕೊಂಡು ತಿನ್ನಲಿ ಎಂದು ಅವನು ಅನ್ನುವನು. ಹಾಗೆ ಅವನು ಮೊದಲ ಸಲ ತಮಾಷೆ ಮಾಡಿದ ದಿನ ಸೊಸೆ ಮನೆಗೆ ಬಂದು ಅಜ್ಜಿಗೆ ಹೇಳಿ, ನಕ್ಕು, ಆಮೇಲೆ ಅತ್ತಳು.

ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದಾಗ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಬೀದಿಯೆಲ್ಲ ಕತ್ತಲು. ಮಗನ ಕೈ ಮೇಜಿನ ಅಂಚನ್ನು ಹಿಡಿದುಕೊಂಡದ್ದು ಅಜ್ಜಿಗೆ ಅಲುಗಾಟದಲ್ಲೇ ಗೊತ್ತಾಯಿತು. ಮೇಣದ ಬತ್ತಿ ಒಳಕೋಣೆಯ ಕಪಾಟಿನಲ್ಲಿದೆ, ನಾನು ತರ್ತೀನಿ ಎಂದು ಬುಗುರಿ ಯಾರೂ ಹೇಳುವ ಮೊದಲೇ ಕುರ್ಚಿಯಿಂದ ಜಿಗಿದಳು. ಸೊಸೆ ಬೇಡ ಎನ್ನುವಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು.

ಮೂವರೂ ಕತ್ತಲಲ್ಲಿ ಕಿವಿಯಾದರು. ಬರಿಗಾಲ ಸದ್ದು ನಡುಮನೆ ದಾಟಿತು. ಅಲ್ಲಿ ಕುರ್ಚಿಯಿದೆ, ಎಂದಿನ ಜಾಗ ಬಿಟ್ಟು ಈಚೆಗೆ ಬಂದಿದೆ. ಸದ್ದು ಅದನ್ನು ಬಳಸಿಕೊಂಡು ಹೋಯಿತು. ಬಾಗಿಲು ಅರ್ಧ ತೆರೆದಿದೆ, ಯಾವುದೂ ಬಡಿಯಲಿಲ್ಲ. ಕಪಾಟು ಕಿರುಗುಟ್ಟಿತು. ಮತ್ತೆ ಹೆಜ್ಜೆ, ಈ ಸಲ ಓಟದ ಹೆಜ್ಜೆ. ಅಜ್ಜಿ ಕಣ್ಣು ಮುಚ್ಚಿದಳು, ಆ ಕತ್ತಲಿನಲ್ಲಿ ಮುಚ್ಚಿದರೂ ತೆರೆದರೂ ಒಂದೇ ಆಗಿದ್ದರೂ. ಎಲ್ಲಾದರೂ ಒಂದು ಕಾಲು ನೆಲ ಸವರುತ್ತದೆಯೇ ಎಂದು ಕೇಳುತ್ತಿದ್ದಳು.

ಕಡ್ಡಿ ಗೀರಿತು. ಬೆಳಕಿನಲ್ಲಿ ಬುಗುರಿಯ ಮುಖ ಕಂಡಿತು, ಅಜ್ಜಿ, ಅಮ್ಮ ಇಬ್ಬರೂ ಹೀಗೆ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಡುವ ಮುಖ. ಬತ್ತಿ ಇದ್ದದ್ದು ಮಗನ ಎಡಗಡೆ, ಮೇಜಿನ ತುದಿಯಲ್ಲಿ. ಮಗ ನೇರ ಎದುರಿಗೆ, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಇದ್ದ.

"ಬಂದಳಾ?" ಎಂದ ಮೆಲ್ಲಗೆ.

"ಬಂದಳು," ಎಂದಳು ಅಜ್ಜಿ.